ಅಟ್ಟದ ಟೈರು

ಮೇ 3, 2004, ಸೋಮವಾರ

ವ್ಯಾನು ಬಂತು. ಬಂದಿದ್ದು ಓಮ್ನಿಯೋ ಕೋಳಿಗೂಡೋ ತಿಳಿಯಲಿಲ್ಲ. ಚಿಕ್ಕನಾಯಕನಹಳ್ಳಿಯಲ್ಲಿ ನನ್ನಣ್ಣನೇ ನೋಡಿ, ಮಾತಾಡಿ ಕೊಡಿಸಿದ್ದು. ಎಂಜಿನ್ ಗಟ್ಟಿಯಾಗಿದೆ ಅಂದ, ಕಾಗದಪತ್ರ ಸರಿಯಾಗಿದೆ ಅಂದ. ಹಿಂದಿನವನು ಅದರಲ್ಲಿ ಫಾರಂ ಕೋಳಿ ಸಾಗಿಸುತ್ತಿದ್ದ ಅನ್ನುವುದನ್ನು ಮಾತ್ರ ನುಂಗಿಬಿಟ್ಟ. ಬಾಗಿಲು ತೆಗೆದ ಕೂಡಲೇ ವಾಸನೆ ಮುಖಕ್ಕೆ ರಾಚಿತು. ಅತ್ತೆ ಜಗಲಿಯ ಮೇಲಿಂದಲೇ ಸೆರಗನ್ನು ಮೂಗಿಗೆ ಒತ್ತಿಕೊಂಡರು.

"ಲಿಂಗ ಕಟ್ಟಿರೋ ಮನೆ ಕಣೇ ಇದು. ಆ ಗಾಡೀನ ಬಾಗ್ಲಲ್ಲಿ ನಿಲ್ಲುಸ್ಬ್ಯಾಡ. ಹುಣಸೇಮರದತ್ರ ಬುಡು."

ಬಿಟ್ಟೆ. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ, ಅದೇ ಸಿಟ್ಟು.

ನಮ್ಮ ದಬ್ಬೇಘಟ್ಟದ ಮಕ್ಕಳನ್ನು ತುರುವೇಕೆರೆ ಶಾಲೆಗೆ ಕರೆದೊಯ್ಯುತ್ತಿದ್ದ ವ್ಯಾನಿನವನು ಈ ಬೇಸಿಗೆಯಲ್ಲಿ ಕೆಲಸ ಬಿಟ್ಟ. ಆ ಕೆಲಸ ನಾನು ಹಿಡಿದಿದ್ದೇನೆ. ಜೂನ್ ಒಂದಕ್ಕೆ ಶಾಲೆ ಶುರು. ಹನ್ನೊಂದು ಮಕ್ಕಳ ಮನೆಯವರು ಒಪ್ಪಿದ್ದಾರೆ, ನನ್ನ ಮಗ ಉಜ್ವಲ್ ಬೇರೆ. ಮದುವೆಯಾದಾಗಿನಿಂದ ಸೋಪಿಗೂ ಗಂಡನ ಮುಂದೆ ಕೈ ಚಾಚಿದವಳು ನಾನು. ಚಾಚುವುದಕ್ಕಿಂತ ಅಸಹ್ಯ ಅಂದರೆ ಕೊಡುವಾಗ ಅವರು ಮಾಡುವ ಮುಖ. ಈ ವ್ಯಾನು ಓಡಿದರೆ ಆ ಮುಖ ನೋಡುವುದು ತಪ್ಪುತ್ತದೆ. ಓಡದಿದ್ದರೆ, ನನ್ನ ಸರ ಹೋಗಿ ಕೋಳಿಗೂಡು ಬಂತು ಅಂತ ಊರೆಲ್ಲ ನಗುತ್ತದೆ.

ಮೇ 4

ತೊಳೆದೆ. ಸೀಟಿನ ಕೆಳಗೆ ಪುಕ್ಕ, ಬಾಗಿಲ ಸಂದಿಯಲ್ಲಿ ಪುಕ್ಕ, ದೀಪದ ಗಾಜಿನೊಳಗೂ ಪುಕ್ಕ. ಆ ದೀಪದೊಳಕ್ಕೆ ಕೋಳಿ ಹೇಗೆ ಹೋಯಿತೋ ಶಿವನೇ ಬಲ್ಲ. ಫಿನಾಯಿಲ್ ಆಯಿತು, ಸೀಗೆಪುಡಿ ಆಯಿತು, ಕೊನೆಗೆ ನಿಂಬೆಸಿಪ್ಪೆ ಹಾಕಿ ಉಜ್ಜಿದೆ. ಇವರು ಹೆಂಡತಿ ಒದ್ದಾಡುವುದನ್ನು ಬೀಡಿ ಸೇದುತ್ತ ನೋಡಿದರು. ಆಮೇಲೆ ಇಸ್ಪೀಟಿಗೆ ಹೋದರು.

ಮೇ 7

ಗಾಡಿಗೆ ನಾಲ್ಕು ಟೈರು, ನಾಲ್ಕೂ ನಾಲ್ಕು ಜಾತಿ. ಒಂದರ ಮೇಲೆ ಗೆರೆಯೇ ಇಲ್ಲ, ನಮ್ಮತ್ತೆಯ ರೊಟ್ಟಿಯ ಹಾಗೆ ನುಣ್ಣಗಿದೆ. ಕಿಬ್ಬನಹಳ್ಳಿ ಕ್ರಾಸಿನ ಟೈರಂಗಡಿಗೆ ಓಡಿಸಿಕೊಂಡು ಹೋದೆ. ಅಂಗಡಿ ರಂಗರಾಜುದು. ಬಾಯಿ ತುಂಬ ಗುಟ್ಕಾ. ಮಾತಾಡುವ ಮುಂಚೆ ಉಗುಳುತ್ತಾನೆ, ಮಾತಾಡಿದ ಮೇಲೂ ಉಗುಳುತ್ತಾನೆ. ನಡುವೆ ಒಂದು ಟೈರು ಉರುಳಿಸಿ ತಂದ.

"ಇದು ಹಾಕ್ಕಳಿ ಅಕ್ಕಾ."

"ಇದು ನನ್ನ ಗಾಡೀದೇನಾ?"

"ನಿಮ್ಮ ರಿಮ್ಮು ಹನ್ನೆರಡು, ಇದೂ ಹನ್ನೆರಡು. ಹೂವಿನಂಗೆ ಕೂತ್ಕತದೆ. ಇನ್ನೇನ್ ಬೇಕು?"

"ಇದರ ಮೇಲೆ ಬೇರೆ ಏನೇನೋ ಬರ್ದೈತಲ್ಲ."

"ಅದೆಲ್ಲ ಕಂಪ್ನಿಯೋರು ಬರ್ಕಂಡಿರ್ತಾರೆ ಬುಡಿ ಅಕ್ಕಾ, ಸುಮ್ನೆ ಚಂದಕ್ಕೆ."

ಹೆಂಗಸು ಒಬ್ಬಳೇ ಬಂದಿದ್ದಾಳೆ ಅಂದಕೂಡಲೇ ಗಂಡಸರ ದನಿ ಹೀಗೆ ಸಿಹಿಯಾಗುತ್ತದೆ. ಅವನ ಗುಟ್ಕಾಕ್ಕಿಂತ ಆ ಸಿಹಿ ನನಗೆ ಹೇಸಿಗೆ. ಕೊಳ್ಳದೆ ಬಂದೆ.

ಮೇ 8

ಗಾಡಿಯ ಜೊತೆ ಬರುವ ಪುಸ್ತಕ ಮುಂದಿನ ಖಾನೆಯಲ್ಲಿ ಸಿಕ್ಕಿತು. ಅದರೊಳಗೂ ಒಂದು ಪುಕ್ಕ. ಪಿಯುಸಿಯ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿಕೊಂಡು ಮಧ್ಯಾಹ್ನವೆಲ್ಲ ಓದಿದೆ.

ರಂಗರಾಜು ತೋರಿಸಿದ ಟೈರಿನ ಮೇಲಿದ್ದದ್ದು 145/70 ಆರ್ 12. ಮೊದಲನೆಯದು ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎಪ್ಪತ್ತು ಅಂದರೆ ಟೈರಿನ ಪಕ್ಕೆಯ ಎತ್ತರ, ಅಗಲದಲ್ಲಿ ಶೇಕಡಾ ಎಪ್ಪತ್ತು. ಆರ್ ಅಂದರೆ ರೇಡಿಯಲ್. ಹನ್ನೆರಡು ರಿಮ್ಮಿನ ಅಳತೆ, ಇಂಚಿನಲ್ಲಿ. ಅಗಲಕ್ಕೊಂದು ಲೆಕ್ಕ, ಎತ್ತರಕ್ಕೊಂದು ಲೆಕ್ಕ, ರಿಮ್ಮಿಗೆ ಇನ್ನೊಂದು. ಮೂರು ಜನ ಮಾತು ಬಿಟ್ಟವರು ಸೇರಿ ಬರೆದ ಹಾಗಿದೆ.

ನನ್ನ ಗಾಡಿಗೆ ಪುಸ್ತಕ ಹೇಳುವುದು 145 ಆರ್ 12 ಎಲ್‌ಟಿ. ಎಲ್‌ಟಿ ಅಂದರೆ ಹೊರೆ ಹೊರುವ ಗಾಡಿಯದು. ಒಳಗೆ ಪದರ ಜಾಸ್ತಿ, ಗಾಳಿಯೂ ಜಾಸ್ತಿ ತಡೆಯುತ್ತದೆ, ಪಕ್ಕೆಯೂ ಸ್ವಲ್ಪ ಎತ್ತರ. ರಂಗರಾಜುದು ಸಣ್ಣ ಕಾರಿನ ಟೈರು. ಎರಡಕ್ಕೂ ರಿಮ್ಮು ಹನ್ನೆರಡೇ, ಕೂರುವುದೇನೋ ಕೂರುತ್ತದೆ. ಕೂತಮೇಲೆ ಹನ್ನೆರಡು ಮಕ್ಕಳನ್ನು ಹೊರಬೇಕಲ್ಲ. ಚಂದಕ್ಕೆ ಬರೆದಿರುತ್ತಾರಂತೆ, ಮುಖಕ್ಕೆ ಉಗುಳಬೇಕು ಅವನಿಗೆ.

ಮೇ 11

ಇವತ್ತಿನದು ಎಲ್ಲಕ್ಕಿಂತ ಹೆಚ್ಚಿನ ಕರ್ಮ.

ಊಟಕ್ಕೆ ಕೂತಾಗ ಮಾವ ಕೇಳಿದರು, "ಟೈರು ತಗಳಕ್ಕೆ ಯಾಕೆ ತಿರುಗ್ತೀಯ? ನಮ್ಮ ಅಟ್ಟದಲ್ಲೇ ಐತಲ್ಲ."

ನನ್ನ ತುತ್ತು ಕೈಯಲ್ಲೇ ಉಳಿಯಿತು. ನಾಲ್ಕು ವರ್ಷದ ಹಿಂದೆ, ನಾನು ತವರಿಗೆ ಹೋಗಿದ್ದಾಗ, ಅರಸೀಕೆರೆಯಲ್ಲಿ ಯಾರೋ ಅಂಗಡಿ ಮುಚ್ಚುವಾಗ ಮಾವ ನಾಲ್ಕು ಹೊಸ ಟೈರು ತಂದಿದ್ದರಂತೆ. ಕಾರಿಲ್ಲದ ಮನೆಗೆ ಕಾರಿನ ಟೈರು. ಮುಂದೆ ಯಾವತ್ತಾದರೂ ಕಾರು ಬಂದರೆ ಇರಲಿ ಅಂತ ಅಟ್ಟಕ್ಕೆ ಹಾಕಿದರಂತೆ. ಅಡುಗೆಮನೆಯ ಮೇಲಿನ ಅಟ್ಟ ಅದು. ತೆಂಗಿನಕಾಯಿಗಳನ್ನು ವರ್ಷಗಟ್ಟಲೆ ಅಲ್ಲಿ ಹರಡಿರುತ್ತಾರೆ. ಒಲೆಯ ಹೊಗೆ, ಹೆಂಚಿನ ಕಾವು ತಿಂದು ತಿಂದು ಒಳಗಿನ ನೀರೆಲ್ಲ ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ಅಟ್ಟದಲ್ಲಿದ್ದಷ್ಟೂ ಮಾಲು ಮಾಗುತ್ತದೆ ಅನ್ನುವುದು ಮಾವನ ನಂಬಿಕೆ. ಕೊಬ್ಬರಿಗೆ ಸರಿ. ರಬ್ಬರಿಗೂ ಅಂದುಕೊಂಡಿದ್ದಾರೆ.

ತಾವೇ ಏಣಿ ಹತ್ತಿ ಒಂದೊಂದಾಗಿ ಇಳಿಸಿದರು. ಕಾಯಿ ನೋಡುವ ಹಾಗೆ ಬೆರಳಿನ ಗಂಟಿನಿಂದ ತಟ್ಟಿದರು, ಕಿವಿ ಕೊಟ್ಟರು. ಆಮೇಲೆ ಎಲೆಅಡಿಕೆ ರಸವನ್ನು ಅಂಗಳಕ್ಕೆ ಪಿಚಕ್ ಅಂತ ಉಗುಳಿ ಹೇಳಿದರು, "ನೋಡು, ಹೆಂಗೆ ಬಲ್ತೈತೆ. ಪರಮಶಿವಯ್ಯನ ಅಟ್ಟದಲ್ಲಿ ಕೆಟ್ಟಿದ್ದು ಅಂತ ಒಂದಿಲ್ಲ."

ಇದು ಬರೀ ಜಂಬವಲ್ಲ, ಅದೇ ನನ್ನ ತಲೆನೋವು. ತಿಪಟೂರಿನ ಕೊಬ್ಬರಿ ವ್ಯಾಪಾರಿ ತೋಂಟದಾರ್ಯರು ನಮ್ಮ ಅಟ್ಟದ ಕಾಯನ್ನು ಒಡೆಯದೆ, ಅಲ್ಲಾಡಿಸಿಯೂ ನೋಡದೆ ಬೆಲೆ ಹೇಳುತ್ತಾರೆ. ಇಡೀ ಹೋಬಳಿಯಲ್ಲಿ ಆ ಮರ್ಯಾದೆ ಇರುವುದು ನಮ್ಮ ಮನೆಗೊಂದೇ. ಮಾವನಿಗೆ ಅದಕ್ಕಿಂತ ದೊಡ್ಡ ಆಸ್ತಿ ಇನ್ನೊಂದಿಲ್ಲ.

ಮೇ 12

ಬೆಳಕಿನಲ್ಲಿ ಇಟ್ಟು ನೋಡಿದೆ. 145/70 ಆರ್ 12. ಎಲ್‌ಟಿ ಇಲ್ಲ. ಅಳತೆಯೊಂದೇ ಆಗಿದ್ದರೆ ಹೋಗಲಿ, ರಿಮ್ಮಿಗೆ ಕಚ್ಚಿಕೊಳ್ಳುವ ಅಂಚಿನ ಸುತ್ತ ಸಣ್ಣ ಸಣ್ಣ ಬಿರುಕು. ಚಳಿಗಾಲದ ಹಿಮ್ಮಡಿಯ ಹಾಗೆ. ಮೂಸಿದರೆ ಕಮಟು ಹೊಗೆ.

ಇವರಿಗೆ ತೋರಿಸಿದೆ. "ಅಪ್ಪನತ್ರ ನೀನೇ ಹೇಳು" ಅಂದರು. ನಲವತ್ತಾಗಿದೆ ಮನುಷ್ಯನಿಗೆ. ಅಪ್ಪನ ಎದುರು ಕೆಮ್ಮುವುದಕ್ಕೂ ಹೊರಗೆ ಹೋಗುತ್ತಾರೆ. ಥೂ.

ಮೇ 14

ಹೇಳಿದೆ. ಮೆತ್ತಗೇ ಹೇಳಿದೆ.

"ಮಾವ, ಈ ಟೈರು ಬ್ಯಾಡ. ಅಳತೆ ನಮ್ಮ ಗಾಡೀದಲ್ಲ. ಮತ್ತೆ ಬಿರುಕು ಬಿಟ್ಟೈತೆ."

"ರಿಮ್ಮಿಗೆ ಕೂರ್ತದೋ ಇಲ್ವೋ?"

"ಕೂರ್ತದೆ. ಆದ್ರೆ ಹೊರೆ ತಡಿಯಲ್ಲ."

"ನೀನು ಈ ಮನೆಗೆ ಬರೋಕೆ ಮುಂಚಿಂದ ಅಟ್ಟ ನೋಡ್ಕಂಡು ಬಂದೋನು ನಾನು. ಮೊನ್ನೆ ಒಂದು ಪುಸ್ತಕ ಓದ್ಕಂಡು ನಂಗೆ ಹೇಳಕ್ಕೆ ಬತ್ತೀಯ?"

ಮಾತು ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಊಟದ ಹೊತ್ತಿಗೆ ನಾನು ಬಡಿಸಿದ ತಟ್ಟೆ ಮುಟ್ಟಲಿಲ್ಲ. ಅತ್ತೆ ಅದೇ ಮುದ್ದೆಯನ್ನು ಅದೇ ತಟ್ಟೆಯಲ್ಲಿಟ್ಟು ತಮ್ಮ ಕೈಯಿಂದ ಕೊಟ್ಟಾಗ ಉಂಡರು. ಮುದ್ದೆ ಕಟ್ಟಿದ್ದು ನಾನೇ ತಾನೇ.

ಮೇ 17

ನಾನು ತೋಟದಲ್ಲಿದ್ದಾಗ ಅಪ್ಪ ಮಗ ಸೇರಿ ವ್ಯಾನನ್ನು ಕಿಬ್ಬನಹಳ್ಳಿಗೆ ಒಯ್ದು ಅಟ್ಟದ ಟೈರು ಹಾಕಿಸಿಕೊಂಡು ಬಂದಿದ್ದಾರೆ. ಹಾಕಿದ್ದು ರಂಗರಾಜು. ಬಿರುಕು ಅವನ ಕಣ್ಣಿಗೆ ಬೀಳದೆ ಇರುತ್ತದೆಯೇ? ಕೂಲಿ ಬಂತಲ್ಲ, ಬಾಯಿ ಮುಚ್ಚಿಕೊಂಡು ಹಾಕಿದ್ದಾನೆ.

ಗಾಡಿ ಒಂದು ಬೆರಳಿನಷ್ಟು ಗಿಡ್ಡವಾಗಿ ನಿಂತಿದೆ. ಮಾವ ಹೆಗಲಿಗೆ ವಲ್ಲಿ ಹಾಕಿಕೊಂಡು ಅದರ ಸುತ್ತ ಬೀಗರ ಹಾಗೆ ಓಡಾಡುತ್ತಿದ್ದಾರೆ. ಎರಡು ಮಕ್ಕಳನ್ನು ಕಳಿಸುವ ಜಯಕ್ಕ ನೋಡಲು ಬಂದಿದ್ದಳು. "ಯಜಮಾನ್ರ ಅಟ್ಟದ ಟೈರಂತೆ, ಇನ್ನೇನ್ ಯೋಚ್ನೆ ಕಣಕ್ಕ" ಅಂದಳು. ಅವಳ ಮುಖದಲ್ಲಿ ಅಷ್ಟು ನಂಬಿಕೆ. ನಾನು ಕಾಫಿ ತರುವ ನೆಪದಲ್ಲಿ ಒಳಗೆ ಹೋದೆ.

ಮೇ 20

"ಈ ಟೈರಿನ ಮೇಲೆ ಮಕ್ಕಳನ್ನ ಕೂರ್ಸಲ್ಲ" ಅಂತ ಎಲ್ಲರ ಎದುರಿಗೇ ಅಂದುಬಿಟ್ಟೆ. ಮಾವ ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಆಗಲಿಲ್ಲ. ಉಜ್ವಲ್‌ನನ್ನು ಎತ್ತಿ ಕೊಬ್ಬರಿ ತೂಗುವ ತಕ್ಕಡಿಯಲ್ಲಿ ಕೂರಿಸಿದರು. ಅವನಿಗೆ ಅದು ಉಯ್ಯಾಲೆ, ಇನ್ನೊಂದು ಸಲ ಅನ್ನುತ್ತಾನೆ. ಅವನ ತೂಕದ ಲೆಕ್ಕದಲ್ಲಿ ಎಲ್ಲ ಮಕ್ಕಳದ್ದೂ ಅಂದಾಜು ಮಾಡಿದರು.

"ಅಷ್ಟು ತೂಕದ ಕಾಯಿ ತುಂಬು. ತುರುವೇಕೆರೆಗೆ ಹೋಗಿ ಬರಾನ. ಏನೂ ಆಗ್ಲಿಲ್ಲ ಅಂದ್ರೆ ಬಾಯ್ ಮುಚ್ಕಂಡು ಮಕ್ಕಳನ್ನ ಕೂರ್ಸು."

"ಆಯ್ತು. ನಾನೇ ಓಡಿಸ್ತೀನಿ."

"ಪಕ್ಕದಲ್ಲಿ ನಾನ್ ಕೂತ್ಕತೀನಿ" ಅಂದರು ಮಾವ.

ಹಠ ಅಂದರೆ ಇದು. ತಮ್ಮ ಜೀವವನ್ನೇ ತಕ್ಕಡಿಗೆ ಹಾಕುವ ಹಠ. ನನ್ನದೂ ಕಮ್ಮಿಯಿಲ್ಲ ಅನ್ನಿ.

ಮೇ 22, ಶನಿವಾರ

ಎಲ್ಲರೂ ಮಲಗಿದ ಮೇಲೆ ಬರೆಯುತ್ತಿದ್ದೇನೆ.

ಹೋಗುವಾಗ ಏನೂ ಆಗಲಿಲ್ಲ. ತುರುವೇಕೆರೆಯಲ್ಲಿ ಮಾವ ಇಳಿದು ಟೈರಿಗೆ ಕೈಯಿಟ್ಟು ನೋಡಿ, ನನ್ನ ಕಡೆ ತಿರುಗಿ ಮೀಸೆಯಲ್ಲೇ ನಕ್ಕರು. ಸೋಲೊಪ್ಪಿಕೋ ಅನ್ನುವ ಹಾಗೆ ಎಳನೀರು ಕೊಡಿಸಿದರು. ಕುಡಿದೆ, ಅವಮಾನದ ಜೊತೆಗೇ ಕುಡಿದೆ.

ವಾಪಸ್ ಬರುವಾಗ ಸುಡುಬಿಸಿಲು. ಊರು ಇನ್ನೇನು ಬಂತು ಅನ್ನುವಾಗ ಕೆರೆ ಏರಿಯ ತಿರುವಿನಲ್ಲಿ ಹಿಂದಿನ ಎಡಗಡೆ ಟೈರು ಸಿಡಿಯಿತು. ಗಾಡಿ ಬಾಲ ತಿರುಗಿಸಿ ಕೆರೆಯ ಕಡೆಗೇ ಎಳೆಯಿತು. ಬ್ರೇಕ್ ತುಳಿಯಬೇಡ ಅಂತ ಅಣ್ಣ ಕಲಿಸಿದ್ದು ಎಲ್ಲಿತ್ತೋ, ಕಾಲು ತಾನೇ ತಡೆದುಕೊಂಡಿತು. ಸ್ಟೇರಿಂಗನ್ನು ಎದೆಗೆ ಅವಚಿಕೊಂಡ ಹಾಗೆ ಹಿಡಿದೆ. ಕತ್ತಾಳೆ ಮೆಳೆಗೆ ನುಗ್ಗಿ ನಿಂತೆವು. ಹಿಂದಿನ ಬಾಗಿಲು ತೆರೆದುಕೊಂಡು ಮೂಟೆ ಬಿಚ್ಚಿ ಕಾಯಿಗಳು ಏರಿಯಿಂದ ಕೆಳಕ್ಕೆ ಉರುಳಿದವು. ಕೆಲವು ನೀರಿಗೆ ಬಿದ್ದವು.

ನಾನು ಇಳಿದು ಹಿಂದಿನ ಚಕ್ರದ ಹತ್ತಿರ ಹೋದೆ. ಸುಟ್ಟ ರಬ್ಬರಿನ ನಾತ. ಮಾವನ ಹಣೆ ಒಡೆದು ರಕ್ತ ಬರುತ್ತಿತ್ತು, ಅದನ್ನು ಒರೆಸಿಕೊಳ್ಳದೆ ಕಾಯಿ ಆಯುತ್ತಿದ್ದರು. ಒಂದೊಂದೇ ಎತ್ತಿ, ಮಣ್ಣು ಒರೆಸಿ, ನೆಟ್ಟಗೆ ಇಡುತ್ತಿದ್ದರು. ನೀರಿಗೆ ಬಿದ್ದದ್ದನ್ನು ಅಲ್ಲಿಗೇ ಬಿಟ್ಟರು. ಆಮೇಲೆ ಬಂದು ಹರಿದ ಟೈರಿನ ಅಂಚಿನ ಮೇಲೆ ಬೆರಳಾಡಿಸಿದರು. ಅದು ಬೆರಳಿಗೇ ಪುಡಿಯಾಗಿ ಬಂತು.

"ಹೊಗೆ ತಿಂದೈತೆ" ಅಂದರು. ಅಷ್ಟೇ.

ಮೇ 23

ಬರೆಯಲು ಏನೂ ಇಲ್ಲ. ಮಾವನ ಹಣೆಗೆ ಅರಿಶಿನ ಹಚ್ಚಿದೆ. ಅತ್ತೆಗೆ ರಕ್ತ ನೋಡಲಾಗುವುದಿಲ್ಲ ಅಂತ.

ಮೇ 26

ಊರಿಗೆಲ್ಲ ಸುದ್ದಿ ಹರಡಿದೆ. ಏನಂತ? ಟೈರು ಸಿಡಿಯಿತು ಅಂತಲ್ಲ. ಪರಮಶಿವಯ್ಯನ ಸೊಸೆ ಕೋಮಲಾಗೆ ಗಾಡಿ ಬರಲ್ಲ, ಕೆರೆಗೆ ಬಿಡಲು ಹೋಗಿದ್ದಳು, ಮಾವನ ಪುಣ್ಯ ಉಳಿದರು ಅಂತ. ಚಿತ್ತಣ್ಣನ ಟೀ ಅಂಗಡಿಯಲ್ಲಿ ಇವರೇ "ಹೆಂಗಸ್ರ ಕೈಗೆ ಗಾಡಿ ಕೊಟ್ರೆ ಇನ್ನೇನಾಗ್ತದೆ" ಅಂದರಂತೆ. ಕಟ್ಟಿಕೊಂಡ ಗಂಡ.

ಜಯಕ್ಕ ಬಂದು ಬಾಗಿಲಲ್ಲೇ ನಿಂತಳು. "ಬೇಜಾರ್ ಮಾಡ್ಕಬ್ಯಾಡ ಕಣಕ್ಕ. ನಮ್ಮ ಹುಡುಗ್ರು ಬಸ್ಸಲ್ಲೇ ಹೋಗ್ಲಿ." ಅವಳಾದ ಮೇಲೆ ಒಬ್ಬೊಬ್ಬರೇ ಬಂದರು. ಕೆಲವರು ಬರಲೂ ಇಲ್ಲ, ಹೇಳಿ ಕಳಿಸಿದರು.

ಮಾವ ಜಗಲಿಯಲ್ಲೇ ಕೂತು ಎಲ್ಲ ಕೇಳಿಸಿಕೊಂಡರು. ಅವರು ಒಂದು ಮಾತು ಆಡಿದ್ದರೆ ಸಾಕಿತ್ತು. ಆಡುವುದಿಲ್ಲ. ಆಡಿದರೆ ಪರಮಶಿವಯ್ಯನ ಅಟ್ಟದಲ್ಲಿ ಮಾಲು ಕೆಟ್ಟಿತು ಅಂತಾಗುತ್ತದೆ, ಬರುವ ವಾರ ತೋಂಟದಾರ್ಯರು ಕೊಬ್ಬರಿಗೆ ಬರುವವರಿದ್ದಾರೆ. ಅಟ್ಟದ ಹೆಸರು ಉಳಿಯಲಿ, ಸೊಸೆಯ ಹೆಸರು ಕೆರೆಗೆ ಬೀಳಲಿ. ಈ ಮನೆಯಲ್ಲಿ ಯಾರ ಮುಖ ನೋಡಲೂ ಹೇಸಿಗೆಯಾಗಿದೆ. ಅರಿಶಿನ ಹಚ್ಚಿದ ಈ ಕೈಗೆ ಬುದ್ಧಿಯಿಲ್ಲ.

ಮೇ 28

ಬಳೆ ಹೋಯಿತು, ಟೈರು ಬಂತು. ಮಕ್ಕಳಿಲ್ಲದಿದ್ದರೂ ಸರಿ, ಸರಿಯಾದ ಟೈರು ಹಾಕಿಸಿಯೇ ತೀರುತ್ತೇನೆ ಅಂತ ಹೊರಟೆ. ಮುಂಗೈ ಹಗುರವಾಗಿದೆ.

ಬಾಗಿದ ರಿಮ್ಮು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದರೆ ಹಿಂದಿನಿಂದ ಮಾವನೂ ಹತ್ತಿದರು. ಯಾಕೆ ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಬೇರೆ ಬೇರೆ ಸೀಟಿನಲ್ಲಿ ಕೂತೆವು. ಟಿಕೆಟ್ ಮಾತ್ರ ಅವರೇ ಎರಡು ತೆಗೆದುಕೊಂಡರು.

ರಂಗರಾಜು ರಿಮ್ಮು ನೋಡಿ, "ನಾಕು ಏಟು ಹಾಕಿದ್ರೆ ನೆಟ್ಟಗಾಯ್ತದೆ" ಅಂದ. ಅಂಚು ಬಾಗಿದ ರಿಮ್ಮಿನಲ್ಲಿ ಗಾಳಿ ನಿಲ್ಲುವುದಿಲ್ಲ, ಬೇರೆ ಕೊಡು ಅಂದೆ. ಇನ್ನೊಂದು ತಂದ. ಅದು ಹದಿಮೂರರದು, ಅಳತೆ ಪಟ್ಟಿ ಹಿಡಿಯದೆಯೇ ಗೊತ್ತಾಯಿತು. ಮೂರನೆಯದು ಸರಿಯಿತ್ತು. ಈಚೆಗೆ ನನ್ನ ಕಣ್ಣು ಹಾಳಾಗಿದೆ. ಬಸ್ಸಿನ ಕಿಟಕಿಯಿಂದಲೂ ಬರೀ ಚಕ್ರಗಳೇ ಕಾಣುತ್ತವೆ, ಯಾವುದಕ್ಕೆ ಗಾಳಿ ಕಮ್ಮಿ, ಯಾವುದು ಸವೆದಿದೆ. ಏನು ಕರ್ಮವೋ.

ಟೈರು ತಂದಿಟ್ಟ. ನಾನು ಬಗ್ಗುವ ಮುಂಚೆ ಮಾವ ಕುಕ್ಕರಗಾಲಲ್ಲಿ ಕೂತು, ಪಕ್ಕೆಯ ಮೇಲಿನ ಅಕ್ಷರಗಳ ಮೇಲೆ ಒಂದೊಂದಾಗಿ ಬೆರಳು ನಡೆಸಿದರು.

"ಇದ್ರಲ್ಲಿ ಕೊನೇಲಿ ಆ ಎರಡು ಅಕ್ಷರ ಇಲ್ಲ ಕಣಪ್ಪ. ಒಂದು ಕುಡುಗೋಲಿನಂಗೆ, ಒಂದು ಕೊಡ್ಲಿಯಂಗೆ. ಅದಿರೋದು ತಾ."

ಇಂಗ್ಲಿಷ್ ಬಾರದ ಮನುಷ್ಯ. ಆ ಪುಸ್ತಕದಲ್ಲಿ ಯಾವಾಗ ನೋಡಿಟ್ಟುಕೊಂಡರೋ. ರಂಗರಾಜು ಉಗುಳುವುದನ್ನೂ ಮರೆತು ಒಳಗೆ ಹೋಗಿ ನಾಲ್ಕು ಎಲ್‌ಟಿ ತಂದ. ಒಂದನ್ನು ಹೊಸ ರಿಮ್ಮಿಗೆ ಹಾಕಿದ, ಮೂರನ್ನು ನಾಳೆ ಊರಿಗೇ ಬಂದು ಹಾಕಿಕೊಡುತ್ತಾನಂತೆ. ಮಾವನನ್ನು ನೋಡಿ ನನಗಂತೂ ಮೈ ಉರಿಯಿತು. ಇಷ್ಟು ತಿಳಿಯುವ ಹಾಗಿದ್ದರೆ ಇದನ್ನು ಮೊದಲೇ ಮಾಡಬಾರದಿತ್ತೇ?

ಜೂನ್ 1, ಮಂಗಳವಾರ

ಬೆಳಿಗ್ಗೆ ವ್ಯಾನು ತೊಳೆದು, ಕುಂಕುಮ ಹಚ್ಚಿ, ಬಸ್ ನಿಲ್ಲುವ ಅರಳಿಕಟ್ಟೆಯ ಹತ್ತಿರ ನಿಲ್ಲಿಸಿದೆ. ಒಳಗೆ ಉಜ್ವಲ್ ಒಬ್ಬನೇ. ಎದುರಿಗೆ ಜಯಕ್ಕ, ಇನ್ನೂ ಏಳೆಂಟು ಜನ, ಮಕ್ಕಳ ಕೈ ಹಿಡಿದುಕೊಂಡು ಬಸ್ಸಿಗೆ ಕಾಯುತ್ತಿದ್ದರು. ಯಾರೂ ನನ್ನ ಕಡೆ ನೋಡಲಿಲ್ಲ. ಚಿತ್ತಣ್ಣನ ಅಂಗಡಿಯ ಬೆಂಚಿನ ಮೇಲೆ ಇವರು ಟೀ ಕುಡಿಯುತ್ತ ಕೂತಿದ್ದರು. ಅವರ ಆ ಮುಖ. ಹೊರಟುಬಿಡೋಣ ಅನ್ನಿಸಿತು.

ಆಗ ಮಾವ ಬಂದರು. ತಿಪಟೂರು ಮಂಡಿಗೆ ಹೋಗುವಾಗ ಉಡುವ ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ, ಗಾಯದ ಮೇಲೇ ಬಳಿದಿದ್ದರು. ಹೆಗಲ ಮೇಲೆ ಆ ಸಿಡಿದ ಟೈರು. ಬಿಳಿ ಅಂಗಿಗೆಲ್ಲ ಮಸಿ. ತಂದು ಅರಳಿಕಟ್ಟೆಯ ಮುಂದೆ ಧಪ್ಪನೆ ಹಾಕಿದರು.

"ಈ ಟೈರು ನಂದು. ನಾಕು ವರ್ಷ ನಮ್ಮ ಅಟ್ಟದಲ್ಲಿತ್ತು. ಹೊಗೆ ತಿಂದು ಹಾಳಾಗಿತ್ತು. ಅಳತೆನೂ ಆ ಗಾಡೀದಲ್ಲ. ಬ್ಯಾಡ ಮಾವ ಅಂದ್ಲು ನನ್ನ ಸೊಸೆ, ನಾನು ಕೇಳ್ಲಿಲ್ಲ. ಅವಳು ಸ್ಟೇರಿಂಗು ಬಿಟ್ಟಿದ್ರೆ ನಾನಿವತ್ತು ಇಲ್ಲಿ ನಿಂತಿರ್ತಿರ್ಲಿಲ್ಲ."

ಚಿತ್ತಣ್ಣ ಟೀ ಸೋಸುವುದನ್ನು ನಿಲ್ಲಿಸಿ ಕೇಳಿದ, "ನಿಮ್ಮ ಅಟ್ಟದಲ್ಲಿ ಕೆಡ್ತಾ ಯಜಮಾನ್ರೆ?"

"ಹೂಂ ಕಣಪ್ಪ. ನಮ್ಮ ಅಟ್ಟದಲ್ಲೇ."

ಇವರು ಟೀ ಲೋಟ ಇಟ್ಟು ಎದ್ದು ಹೋದರು. ಜಯಕ್ಕ ತನ್ನ ಎರಡು ಮಕ್ಕಳನ್ನು ಕರೆತಂದು, ನನ್ನ ಮುಖ ನೋಡದೆ ವ್ಯಾನಿಗೆ ಹತ್ತಿಸಿದಳು. ಇನ್ನಿಬ್ಬರು ಹತ್ತಿದರು. ಉಳಿದವರು ಬಸ್ಸಿಗೇ ಹೋದರು. ಮಾವ ಹೇಳದೆ ಕೇಳದೆ ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡರು. ಮಸಿ ಅಂಗಿಯಿಂದ ಸೀಟೆಲ್ಲ ಕೊಳೆಯಾಯಿತು. ನಿನ್ನೆಯಷ್ಟೇ ತೊಳೆದಿದ್ದೆ.

ಜೂನ್ 3

ತೋಂಟದಾರ್ಯರು ಬಂದಿದ್ದರು. ಕಾಫಿ ಕುಡಿದರು, ಮಳೆಯ ಮಾತಾಡಿದರು, ಅಟ್ಟ ಹತ್ತಿ ಇಳಿದರು. ಬೆಲೆ ಹೇಳಲಿಲ್ಲ. ಕೊನೆಗೆ ಟವೆಲ್ಲಿನ ತುದಿ ತಿರುಚುತ್ತ, "ಒಂದೆರಡು ಒಡೆದು ನೋಡ್ಲಾ ಪರಮಶಿವಣ್ಣ?" ಅಂದರು.

ನಾನು ಬಾಗಿಲ ಹಿಂದೆ ಇದ್ದೆ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮಾವ ಎದ್ದು ಹೋಗಿ ತಾವೇ ಮಚ್ಚು ತಂದು ಕೊಟ್ಟರು.

ಮೊದಲನೆಯದು ಒಡೆದಾಗ ಚಿಪ್ಪು ಬಿಟ್ಟು ಕೊಬ್ಬರಿ ಇಡಿಯಾಗಿ ಉರುಳಿ ಬಂತು. ಎರಡನೆಯದೂ ಹಾಗೇ. ತೋಂಟದಾರ್ಯರು ನಾಚಿಕೆಯಿಂದ ತಲೆ ತಗ್ಗಿಸಿದರು. "ತಪ್ಪು ತಿಳ್ಕಬ್ಯಾಡಿ."

"ಇನ್ನೊಂದೆರಡು ಒಡ್ಕಳಿ" ಅಂದರು ಮಾವ. "ನೋಡಿ ತಗಳದೇ ಸರಿ."

ಅವರು ಹೋದಮೇಲೆ ಚಿಪ್ಪಿನ ಚೂರುಗಳನ್ನು ಮಾವ ಒಬ್ಬರೇ ಗುಡಿಸಿದರು. ಗಂಡಸರು ಈ ಮನೆಯಲ್ಲಿ ಪೊರಕೆ ಮುಟ್ಟಿದ್ದನ್ನು ನಾನು ಕಂಡಿಲ್ಲ. ಗುಡಿಸಲೂ ಬರುವುದಿಲ್ಲ, ಕಸವನ್ನೆಲ್ಲ ಮೂಲೆಗೆ ತಳ್ಳಿದರು. ನೋಡಲಾಗದೆ ನಾನು ಪೊರಕೆ ಕಿತ್ತುಕೊಂಡೆ.

"ನಾಳೆನೂ ವ್ಯಾನಿಗೆ ಬತ್ತೀನಿ" ಅಂದರು.

"ಬನ್ನಿ. ಆದ್ರೆ ಎಲೆಅಡಿಕೆ ಹಾಕ್ಕಂಡು ಕಿಟಕಿಯಿಂದ ಉಗುಳಿದ್ರೆ ದಾರೀಲೇ ಇಳಿಸ್ತೀನಿ. ಆ ಅಸಹ್ಯ ನನ್ನ ಕೈಲಾಗಲ್ಲ."

ಜೂನ್ 4

ಇವತ್ತು ಏಳು ಮಕ್ಕಳು. ನಾನು ಹೊರಗೆ ಬರುವ ಹೊತ್ತಿಗೆ ಮಾವ ನಾಲ್ಕೂ ಟೈರುಗಳಿಗೆ ಕೈಯಿಟ್ಟು ನೋಡಿ, ಮುಂದಿನ ಸೀಟಿನಲ್ಲಿ ಕೂತಾಗಿತ್ತು. ಎಲೆಅಡಿಕೆ ಚೀಲ ಮನೆಯ ಗೂಟದಲ್ಲೇ ನೇತಾಡುತ್ತಿತ್ತು.